ಮುಹೂರ್ತ ಮುಗಿದ ಮೇಲೆ ಛಾಯಾಗ್ರಾಹಕನಿಗೆ ಎಲ್ಲಿ ಕೆಲಸ?

ಪ್ರಶ್ನೆ: ತಿಪಟೂರಿನ ಹತ್ತಿರದ ಊರೊಂದರಲ್ಲಿ ಎಂಟು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿದ್ದೇನೆ. ವರ್ಷಕ್ಕೆ ಮೂವತ್ತರಷ್ಟು ಮದುವೆ ಸಿಗುತ್ತವೆ. ಎರಡು ದಿನದ ಮದುವೆಗೆ ಫೋಟೋ, ವೀಡಿಯೋ, ಆಲ್ಬಂ ಎಲ್ಲ ಸೇರಿ 45,000 ರೂಪಾಯಿ ತೆಗೆದುಕೊಳ್ಳುತ್ತೇನೆ. ಈಗ ಹೊಸ ಹುಡುಗರು 30,000ಕ್ಕೇ ಒಪ್ಪಿಕೊಳ್ಳುತ್ತಾರೆ. ಅನುಕೂಲಸ್ಥರು ಬೆಂಗಳೂರಿನಿಂದ ತಂಡ ಕರೆಸುತ್ತಾರೆ. ನನ್ನ ಚಿತ್ರಗಳು ಎಲ್ಲರ ಚಿತ್ರಗಳ ಹಾಗೆಯೇ ಇವೆ ಎಂದು ನನಗೇ ಅನ್ನಿಸತೊಡಗಿದೆ. ಮೂರೂವರೆ ಲಕ್ಷ ಸಾಲ ಮಾಡಿ ಹೊಸ ಕ್ಯಾಮೆರಾ, ಡ್ರೋನ್ ಕೊಳ್ಳಲೇ? ಹೊಸದಾಗಿ ಏನು ಮಾಡಬಹುದು? ಈ ವೃತ್ತಿಯಲ್ಲಿ ಇನ್ನೂ ಬೆಳೆಯಲು ದಾರಿ ಇದೆಯೇ?

ಉತ್ತರ: ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಐದಾರು ವರ್ಷದ ಹಿಂದೆ ನೀವು ಮದುವೆ ತೆಗೆದ ನಾಲ್ಕೈದು ಮನೆಗಳಿಗೆ ಹೋಗಿ ಬನ್ನಿ. ಕಾಫಿ ಕುಡಿಯುತ್ತಾ ನಿಮ್ಮ ಆಲ್ಬಂ ಎಲ್ಲಿದೆ ಎಂದು ಕೇಳಿ. ಗೋಡೆಯ ಮೇಲೆ ನಿಮ್ಮ ಯಾವ ಚಿತ್ರ ಇದೆ ಎಂದು ನೋಡಿ.

ಹಾಸನ ಜಿಲ್ಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಮದುವೆ ತೆಗೆಯುತ್ತಿದ್ದೇನೆ. ರೋಲಿಗೆ ಮೂವತ್ತಾರೇ ಚಿತ್ರ ಎಂದು ಎಣಿಸಿಕೊಂಡು ಕ್ಲಿಕ್ ಮಾಡುತ್ತಿದ್ದ ಕಾಲದಲ್ಲಿ ಶುರು ಮಾಡಿದವನು. ನಿಮಗೆ ಬಂದಿರುವ ಅನುಮಾನ ನನಗೂ ಹತ್ತು ವರ್ಷದ ಹಿಂದೆ ಬಂದಿತ್ತು. ಆಗ ನಾನೂ ಹೀಗೆ ಮನೆಮನೆಗೆ ಹೋದೆ. ಬಹುತೇಕ ಮನೆಗಳಲ್ಲಿ ಆಲ್ಬಂ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಕೊಟ್ಟ ದಿನದ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಎರಡು ದಿನ ಬಿಸಿಲಿನಲ್ಲಿ ಓಡಾಡಿ ತೆಗೆದ ಪ್ರೀ ವೆಡ್ಡಿಂಗ್ ಚಿತ್ರ ಒಂದು ಗೋಡೆಯ ಮೇಲೂ ಇರಲಿಲ್ಲ. ಒಂದು ಮನೆಯ ನಡುಮನೆಯಲ್ಲಿ ಮಾತ್ರ ನಾನು ತೆಗೆದ ಚಿತ್ರ ದೊಡ್ಡದಾಗಿ ತೂಗುತ್ತಿತ್ತು, ಮೇಲೆ ಗಂಧದ ಹಾರ. ವರನ ಅಜ್ಜಿಯದು. ಗುಂಪು ಫೋಟೋದಿಂದ ಕತ್ತರಿಸಿ ಹಿಗ್ಗಿಸಿದ್ದು. ಮುಖ ಮಸುಕಾಗಿತ್ತು, ಎಡಗಡೆಯಲ್ಲಿ ಬೇರೆ ಯಾರದೋ ಭುಜದ ಜರಿಯಂಚು ಉಳಿದುಕೊಂಡಿತ್ತು. ಆ ಅಜ್ಜಿ ಮದುವೆಯ ಎರಡೂ ದಿನ ನನ್ನ ಕಣ್ಣೆದುರೇ ಊಟದ ಮನೆಯ ಬಾಗಿಲಲ್ಲಿ ಕುಳಿತಿದ್ದರು. ನನ್ನ ಮೆಮೊರಿ ಕಾರ್ಡಿನಲ್ಲಿ ನಾಲ್ಕು ಸಾವಿರ ಚಿತ್ರ ಇದ್ದವು, ಅವರದೊಂದೇ ಒಂದು ನೆಟ್ಟಗಿನ ಚಿತ್ರ ಇರಲಿಲ್ಲ.

ಸ್ಟುಡಿಯೋ ನಡೆಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಹಿರಿಯರು ತೀರಿಕೊಂಡ ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಮಕ್ಕಳು ಅಂಗಡಿಗೆ ಬರುತ್ತಾರೆ. ತಿಥಿಯೊಳಗೆ ಕಟ್ಟು ಹಾಕಿದ ಫೋಟೋ ಬೇಕು. ಅವರು ಕೈಯಲ್ಲಿ ಹಿಡಿದು ತರುವುದು ಮದುವೆಯ ಗುಂಪು ಫೋಟೋವನ್ನೇ. ಅಪ್ಪ ಮೂರನೆಯ ಸಾಲಿನಲ್ಲಿ ಇರುತ್ತಾರೆ, ಕಣ್ಣು ಅರ್ಧ ಮುಚ್ಚಿರುತ್ತದೆ. ನಾವು ಕಂಪ್ಯೂಟರಿನಲ್ಲಿ ಅವರಿಗೆ ಕಣ್ಣು ತೆರೆಸಿ, ಹಿಂದೆ ನೀಲಿ ಬಣ್ಣ ಬಳಿದು ಕೊಡುತ್ತೇವೆ. ಬದುಕಿದ್ದಾಗ ಎರಡು ನಿಮಿಷ ಕೂರಿಸಿಕೊಂಡಿದ್ದರೆ ಈ ಕೆಲಸವೇ ಬೇಕಿರಲಿಲ್ಲ.

ಹಾಗಾಗಿ ಹೊಸದಾಗಿ ಏನು ಮಾಡಬಹುದು ಎಂಬ ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು: ಮುಂದಿನ ಮದುವೆಯಿಂದಲೇ ಎರಡೂ ಕಡೆಯ ಹಿರಿಯರಲ್ಲಿ ಒಬ್ಬೊಬ್ಬರದೂ ಒಂದು ಚಿತ್ರ ತೆಗೆಯಿರಿ. ಇದಕ್ಕೆ ಹೊಸ ಕ್ಯಾಮೆರಾ ಬೇಡ. ಕಲ್ಯಾಣ ಮಂಟಪ ಯಾವುದೇ ಆದರೂ ಬೆಳಿಗ್ಗೆ ಹತ್ತರ ಹೊತ್ತಿಗೆ ಒಳ್ಳೆಯ ಬೆಳಕು ಬೀಳುವ ಒಂದು ಕಿಟಕಿ ಇದ್ದೇ ಇರುತ್ತದೆ. ಹೆಚ್ಚಾಗಿ ಊಟದ ಹಾಲಿಗೆ ಹೋಗುವ ಓಣಿಯಲ್ಲೋ ವರನ ಕೋಣೆಯ ಪಕ್ಕದಲ್ಲೋ. ಕಿಟಕಿಯಿಂದ ನಾಲ್ಕು ಅಡಿ ದೂರದಲ್ಲಿ, ಬೆಳಕು ಒಂದು ಪಕ್ಕದಿಂದ ಬರುವಂತೆ ಒಂದು ಸ್ಟೂಲ್ ಹಾಕಿ. ಹಿಂದೆ ಬರಿ ಗೋಡೆ ಇರಲಿ. 85 ಮಿ.ಮೀ. ಲೆನ್ಸ್ ಇದ್ದರೆ ಅದು, ಇಲ್ಲವಾದರೆ 50 ಸಾಕು. ಅಪರ್ಚರ್ ಎಫ್ 4, ಶಟರ್ ವೇಗ 1/160 ಸೆಕೆಂಡು. ಫ್ಲಾಶ್ ಬೇಡ. ಕೂರಿಸಿದ ಕೂಡಲೇ ಕ್ಲಿಕ್ ಮಾಡಬೇಡಿ. ಅವರ ಮದುವೆ ಎಲ್ಲಿ ಆಯಿತು, ದಿಬ್ಬಣ ಗಾಡಿಯಲ್ಲಿ ಬಂತೋ ಬಸ್ಸಿನಲ್ಲೋ ಎಂದು ಕೇಳಿ. ಉತ್ತರ ಹೇಳಿ ಮುಗಿಸಿ ಬಾಯಿ ಮುಚ್ಚಿದ ಮೇಲೆ ಮುಖದಲ್ಲಿ ಒಂದು ನೆನಪು ಎರಡು ಮೂರು ಸೆಕೆಂಡು ನಿಂತಿರುತ್ತದೆ. ಅದೇ ಚಿತ್ರ. ಕನ್ನಡಕ ತೆಗೆಸಬೇಡಿ, ಹೆಗಲ ಮೇಲಿನ ಟವೆಲ್ ಇಳಿಸಬೇಡಿ, ಮುಖದ ಸುಕ್ಕನ್ನು ಕಂಪ್ಯೂಟರಿನಲ್ಲಿ ಅಳಿಸಬೇಡಿ.

ಹದಿನೈದು ಹಿರಿಯರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಆಮೇಲೆ ಆರಕ್ಕೆ ಎಂಟು ಇಂಚಿನ ಪ್ರಿಂಟ್ ಹಾಕಿಸಿ, ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ಹೆಸರು, ಊರು, ತಾರೀಖು ಬರೆದು, ಆಲ್ಬಂ ಜೊತೆ ಕೊಟ್ಟುಬಿಡಿ. ಬಿಲ್ಲಿಗೆ ಸೇರಿಸಬೇಡಿ. ನಾನು ಇದನ್ನು ಶುರು ಮಾಡಿದ ಎರಡನೆಯ ವರ್ಷದಿಂದಲೇ ಮನೆಯವರು ಫೋನಿನಲ್ಲಿ ದರಕ್ಕಿಂತ ಮೊದಲು ಇದನ್ನೇ ಕೇಳತೊಡಗಿದರು: "ಅಜ್ಜಿ ಫೋಟೋ ತೆಗೆಯುತ್ತೀರಲ್ಲ, ನೀವೇನಾ?"

ಹೊಸತನದ ಬಗ್ಗೆ ಕೇಳಿದ್ದೀರಿ. ನಮ್ಮಲ್ಲಿ ಬಹಳ ಜನ ಅದನ್ನು ಹುಡುಕುವುದು ಬೇರೆಯವರ ರೀಲ್ಸ್‌ಗಳಲ್ಲಿ. ಹೊಗೆ ಬಾಂಬು, ತಣ್ಣನೆಯ ಪಟಾಕಿ, ನಿಧಾನಗತಿಯಲ್ಲಿ ಸೀರೆ ಹಾರಿಸುವುದು. ಎಲ್ಲರೂ ಒಂದೇ ಬಾವಿಯಲ್ಲಿ ಸೇದಿದರೆ ಎಲ್ಲರ ನೀರಿಗೂ ಒಂದೇ ರುಚಿ. ನನ್ನ ಮಟ್ಟಿಗೆ ಹೊಸತನ ಸಿಕ್ಕಿದ್ದು ಶಾಸ್ತ್ರಗಳನ್ನು ಅರ್ಥ ಮಾಡಿಕೊಂಡಾಗ. ಮದುವೆಯ ಹಿಂದಿನ ಸಂಜೆ ಪುರೋಹಿತರ ಜೊತೆ, ಮನೆಯ ಹಿರಿಯ ಹೆಂಗಸರ ಜೊತೆ ಅರ್ಧ ಗಂಟೆ ಕೂತು ನಾಳೆ ಏನೇನು, ಯಾವುದರ ನಂತರ ಯಾವುದು, ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ನಿಮ್ಮ ಕಡೆಯ ಒಕ್ಕಲಿಗರ ಮನೆಯ ಚಪ್ಪರದ ಶಾಸ್ತ್ರಕ್ಕೂ ಲಿಂಗಾಯತರ ಮನೆಯ ಗುಗ್ಗಳಕ್ಕೂ, ಉತ್ತರ ಕರ್ನಾಟಕದ ಸುರಗಿ ಸುತ್ತುವುದಕ್ಕೂ, ಕೊಡವರ ಮದುವೆಯಲ್ಲಿ ಬಾಳೆ ಕಡಿಯುವುದಕ್ಕೂ ಬೇರೆ ಬೇರೆ ಬೆಳಕು, ಬೇರೆ ಬೇರೆ ವೇಗ. ಒಂದನ್ನು ತೆಗೆದ ಹಾಗೆ ಇನ್ನೊಂದನ್ನು ತೆಗೆಯಲಾಗುವುದಿಲ್ಲ.

ಎರಡು ಗಳಿಗೆಗಳನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಒಂದು, ಅಂತರಪಟ ಇಳಿಯುವುದು. ಸಾಮಾನ್ಯವಾಗಿ ಛಾಯಾಗ್ರಾಹಕ ವಧುವಿನ ಹಿಂದೆಯೋ ವರನ ಹಿಂದೆಯೋ ನಿಂತಿರುತ್ತಾನೆ, ಹಾಗಾಗಿ ಒಬ್ಬರ ಮುಖವೇ ಸಿಗುತ್ತದೆ. ಪಟ ಹಿಡಿದವರ ಪಕ್ಕದಲ್ಲಿ, ಬಟ್ಟೆಯ ಅಂಚಿಗೆ ನೇರವಾಗಿ ನಿಲ್ಲಿ. ಆಗ ಬಟ್ಟೆ ಚೌಕಟ್ಟಿನ ನಟ್ಟನಡುವೆ ಒಂದು ತೆಳು ಗೆರೆಯಾಗಿ ಕಾಣುತ್ತದೆ. ಆಚೆ ವರ, ಈಚೆ ವಧು, ಇಬ್ಬರೂ ಜೀರಿಗೆ ಬೆಲ್ಲ ಹಿಡಿದುಕೊಂಡು ಕಾಯುತ್ತಿರುತ್ತಾರೆ. ಮಂಗಳಾಷ್ಟಕದ ಕೊನೆಯ ಶ್ಲೋಕದ ಹೊತ್ತಿಗೆ ಪುರೋಹಿತರ ಧ್ವನಿ ಏರುತ್ತದೆ, ವಾಲಗದವರು ಗಟ್ಟಿಮೇಳಕ್ಕೆ ಸಿದ್ಧರಾಗಿ ಪುರೋಹಿತರ ಕೈಯನ್ನೇ ನೋಡುತ್ತಿರುತ್ತಾರೆ. ನೀವೂ ಆ ಕೈಯನ್ನೇ ನೋಡಿ. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಪಟ ಇಳಿದ ಮೇಲೆ ನಿಮಗಿರುವುದು ಎರಡು ಸೆಕೆಂಡು. ಆಮೇಲೆ ಅಕ್ಷತೆ ಬೀಳುತ್ತದೆ, ಇಬ್ಬರೂ ಕಣ್ಣು ಮುಚ್ಚುತ್ತಾರೆ.

ಇನ್ನೊಂದು, ಧಾರೆ. ಅಮ್ಮ ಗಿಂಡಿ ಬಗ್ಗಿಸುವಾಗ ನಾವೆಲ್ಲ ಶಟರ್ ವೇಗ ಏರಿಸಿ ನೀರನ್ನು ಹನಿಹನಿಯಾಗಿ ಹೆಪ್ಪುಗಟ್ಟಿಸುತ್ತೇವೆ. ನಾನು ವರ್ಷಗಟ್ಟಲೆ 1/500ರಲ್ಲಿ ತೆಗೆದೆ. ಒಮ್ಮೆ ಬೆಳಕು ಕಡಿಮೆಯಾಗಿ 1/50ಕ್ಕೆ ಇಳಿಸಬೇಕಾಗಿ ಬಂತು. ನೀರು ಒಂದು ಬಿಳಿಯ ಎಳೆಯಾಗಿ, ಗಿಂಡಿಯ ಮೂತಿಯಿಂದ ತೆಂಗಿನಕಾಯಿಯ ಮೇಲೆ, ಅಲ್ಲಿಂದ ಮೂವರ ಬೆರಳ ಸಂದಿಯಲ್ಲಿ ಇಳಿಯಿತು. ಧಾರೆ ಎಂಬ ಮಾತಿನ ಅರ್ಥವೇ ಅದಲ್ಲವೇ! ಆವತ್ತಿನಿಂದ ನಾನು ಧಾರೆಯನ್ನು 1/50ರಲ್ಲೇ, ಕೈಗಳನ್ನು ತುಂಬಿಕೊಂಡು ತೆಗೆಯುತ್ತೇನೆ. ಇದರಿಂದ ಇನ್ನೊಂದು ಅನುಕೂಲವೂ ಇದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್. ಮಂಟಪದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಬರುವುದಿಲ್ಲ. ವೀಡಿಯೋದವರಿಗೂ ಇದೇ ಲೆಕ್ಕ ಹೇಳಿಕೊಡಿ.

ಮಂಟಪದಲ್ಲಿ ನಮ್ಮ ನಡವಳಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮಗಳ ಕೊರಳಿಗೆ ತಾಳಿ ಬೀಳುವುದನ್ನು ನೋಡಲು ನೂರಾರು ಮೈಲಿಯಿಂದ ಬಂದವರಿಗೆ ಕಾಣುವುದು ನಾಲ್ವರು ಕ್ಯಾಮೆರಾದವರ ಬೆನ್ನು. ಇದು ನನಗೆ ನಿಜಕ್ಕೂ ನೋವಿನ ವಿಷಯ. ಮುಹೂರ್ತದ ಹೊತ್ತಿಗೆ ನಿಮ್ಮ ತಂಡದಲ್ಲಿ ಇಬ್ಬರಿಗಿಂತ ಹೆಚ್ಚು ಜನ ಮಂಟಪದ ಮೇಲೆ ಇರಬಾರದು, ಇರುವವರೂ ಮಂಡಿಯೂರಿ ಕೂತಿರಬೇಕು ಎಂದು ನಿಯಮ ಮಾಡಿಕೊಳ್ಳಿ. ಹುಡುಗಿಯ ಅಪ್ಪನಿಗೆ ಮೊದಲೇ ಇದನ್ನು ಹೇಳಿ. ಈ ಒಂದು ಮಾತಿಗೆ ಕೆಲಸ ಸಿಕ್ಕ ಉದಾಹರಣೆ ನನ್ನಲ್ಲಿ ಹಲವು ಇವೆ.

ಈಗ ಧ್ವನಿಯ ವಿಷಯ. ಮದುವೆ ವೀಡಿಯೋಗಳೆಲ್ಲ ಒಂದೇ ರೀತಿ ಕಾಣಲು ಅರ್ಧ ಕಾರಣ ಅವುಗಳ ಹಿಂದೆ ಬರುವ ಅದೇ ನಾಲ್ಕು ಸಿನಿಮಾ ಹಾಡುಗಳು. ಮದುವೆ ಮನೆಯಲ್ಲಿ ಹಾಡು ಹಾಕುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದರೆ ಅದೇ ಹಾಡನ್ನು ನಿಮ್ಮ ವೀಡಿಯೋಗೆ ಜೋಡಿಸಿ ಯೂಟ್ಯೂಬಿಗೆ ಹಾಕುವುದು ಬೇರೆ ಮಾತು. ಹಕ್ಕುದಾರರು ತಕರಾರು ಎತ್ತಿದರೆ ವೀಡಿಯೋದ ಸದ್ದೇ ಅಡಗಬಹುದು. ಅದರ ಬದಲು ಐದಾರು ಸಾವಿರದ ಒಂದು ಧ್ವನಿ ರೆಕಾರ್ಡರ್ ಇಟ್ಟುಕೊಳ್ಳಿ. ಅರಿಶಿನದ ದಿನ, ಬಳೆ ಶಾಸ್ತ್ರದ ದಿನ, ಸೋಬಾನೆ ಪದ ಬರುವ ಒಬ್ಬಿಬ್ಬರು ಅಜ್ಜಿಯರು ನಿಮ್ಮ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಮೈಕಿನ ಗಲಾಟೆಯಿಂದ ದೂರ, ಬಾಗಿಲು ಹಾಕಿದ ಕೋಣೆಯೊಂದರಲ್ಲಿ ಹತ್ತು ನಿಮಿಷ ಹಾಡಿಸಿಕೊಳ್ಳಿ. ಉಸಿರು ತೆಗೆದುಕೊಳ್ಳುವುದು, ಸಾಲು ಮರೆತು ಪಕ್ಕದವಳನ್ನು ಕೇಳುವುದು, ಬಳೆ ಸದ್ದು, ಎಲ್ಲವೂ ಇರಲಿ. ಮೂರು ನಿಮಿಷದ ಮದುವೆ ಚಿತ್ರದ ಹಿಂದೆ ಆ ದನಿ ಇಟ್ಟು ನೋಡಿ. ನಿಮ್ಮ ಕೆಲಸವನ್ನು ಬೆಂಗಳೂರಿನ ತಂಡದ ಕೆಲಸದ ಜೊತೆ ಯಾರೂ ಹೋಲಿಸುವುದಿಲ್ಲ. ಹೋಲಿಸಲು ಅವರ ಹತ್ತಿರ ಅಂಥದ್ದು ಇರುವುದೇ ಇಲ್ಲ.

ಆಲ್ಬಮಿನ ಮೇಲೂ ಹೀಗೆಯೇ ಕೈಯಾಡಿಸಿ. ಕನ್ನಡದ ಮನೆಯ ಆಲ್ಬಮಿನಲ್ಲಿ ಪುಟಪುಟಕ್ಕೂ ಅರ್ಥವಿಲ್ಲದ ಇಂಗ್ಲಿಷ್ ಸಾಲುಗಳೇಕೆ? ಲಗ್ನಪತ್ರಿಕೆಯ ಒಕ್ಕಣೆಯನ್ನೇ ಮೊದಲ ಪುಟಕ್ಕೆ ತನ್ನಿ. ಗುಂಪು ಫೋಟೋದ ಎದುರು ಪುಟದಲ್ಲಿ ಎಡದಿಂದ ಬಲಕ್ಕೆ ಯಾರು ಯಾರು ಎಂದು ಕನ್ನಡದಲ್ಲಿ ಅಚ್ಚು ಮಾಡಿ. ಇಪ್ಪತ್ತು ವರ್ಷದ ನಂತರ ಮೊಮ್ಮಕ್ಕಳಿಗೆ ಅದೊಂದೇ ದಾಖಲೆ. ಫೋಟೋಶಾಪಿನಲ್ಲಿ ಕನ್ನಡ ಒತ್ತಕ್ಷರಗಳು ಒಡೆದು ಹೋಗುತ್ತವೆ ಎಂದು ಬಹಳ ಮಂದಿ ಕೈಬಿಡುತ್ತಾರೆ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿಕೊಂಡು ಯುನಿಕೋಡ್ ಫಾಂಟ್ ಬಳಸಿದರೆ ಸರಿಯಾಗಿ ಮೂಡುತ್ತವೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತವಾಗಿ ಸಿಗುತ್ತವೆ.

ಇನ್ನು ಹಣದ ಮಾತು. ನಿಮ್ಮ 45,000ವನ್ನು ಒಮ್ಮೆ ಬಿಡಿಸಿ ನೋಡೋಣ. ಆಲ್ಬಮಿಗೆ 11,000, ಎರಡು ದಿನಕ್ಕೆ ಇನ್ನೊಬ್ಬ ಫೋಟೋದವನಿಗೆ 8,000, ವೀಡಿಯೋದವನಿಗೆ 8,000, ವೀಡಿಯೋ ಎಡಿಟಿಂಗಿಗೆ 5,000, ಓಡಾಟಕ್ಕೆ 2,000 ಎಂದಿಟ್ಟುಕೊಂಡರೆ 34,000 ಆಯಿತು. ಉಳಿದದ್ದು 11,000. ಎರಡು ದಿನ ಚಿತ್ರೀಕರಣ, ಐದು ದಿನ ಆಯ್ಕೆ ಮತ್ತು ಬಣ್ಣ ಸರಿಪಡಿಸುವುದು, ಒಂದು ದಿನ ಆಲ್ಬಂ ತಿದ್ದುಪಡಿ. ಎಂಟು ದಿನಕ್ಕೆ 11,000, ಅಂದರೆ ದಿನಕ್ಕೆ 1,375 ರೂಪಾಯಿ. ಇದರಲ್ಲಿ ಅಂಗಡಿ ಬಾಡಿಗೆ, ಕರೆಂಟು, ಕ್ಯಾಮೆರಾ ಸವೆತ ಯಾವುದೂ ಇಲ್ಲ. ಮದುವೆಗೆ 4,000 ಕ್ಲಿಕ್ ಎಂದರೂ ಮೂವತ್ತು ಮದುವೆಗೆ ವರ್ಷಕ್ಕೆ 1,20,000. ಮಧ್ಯಮ ದರ್ಜೆಯ ಕ್ಯಾಮೆರಾದ ಶಟರ್ ಒಂದೂವರೆ, ಎರಡು ಲಕ್ಷ ಕ್ಲಿಕ್ಕಿಗೆಂದು ತಯಾರಾದದ್ದು. ನಿಮ್ಮ ಅಂಕಿಗಳು ಸ್ವಲ್ಪ ಬೇರೆ ಇರಬಹುದು, ಆದರೆ ಈ ಲೆಕ್ಕವನ್ನು ಕಾಗದದ ಮೇಲೆ ನೀವೇ ಬರೆದು ನೋಡಿ. 30,000ದ ಹುಡುಗನ ಜೊತೆ ಪೈಪೋಟಿಗೆ ಇಳಿದರೆ ಇಬ್ಬರೂ ಮುಳುಗುತ್ತೀರಿ. ಅವನಿಗೆ ಈ ಲೆಕ್ಕ ಇನ್ನೂ ತಿಳಿದಿಲ್ಲ, ಎರಡು ವರ್ಷದಲ್ಲಿ ತಿಳಿಯುತ್ತದೆ.

ಹಾಗಾದರೆ ಆದಾಯ ಎಲ್ಲಿಂದ ಬೆಳೆಯಬೇಕು? ಹೊಸ ಮನೆಗಳನ್ನು ಹುಡುಕುವುದಕ್ಕಿಂತ ಹಳೆಯ ಮನೆಗಳಿಗೆ ಮತ್ತೆ ಮತ್ತೆ ಹೋಗುವುದರಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಟು ವರ್ಷದಲ್ಲಿ ನೀವು ಇನ್ನೂರಕ್ಕೂ ಹೆಚ್ಚು ಮನೆಗಳ ಒಳಗೆ ಹೋಗಿ ಬಂದಿದ್ದೀರಿ. ಆ ಮನೆಗಳಲ್ಲಿ ಸೀಮಂತ, ನಾಮಕರಣ, ಗೃಹಪ್ರವೇಶ, ಅರವತ್ತರ ಶಾಂತಿ, ಎಪ್ಪತ್ತರ ಭೀಮರಥ ಶಾಂತಿ ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ. ಇವುಗಳಿಗೆ ನಿಮ್ಮನ್ನು ಕರೆಯದಿರುವುದು ಮದುವೆಯ ಪ್ಯಾಕೇಜ್ ಅವರ ತಲೆಯಲ್ಲಿ ಕೂತಿರುವುದರಿಂದ. "ಅಷ್ಟು ಸಣ್ಣ ಕಾರ್ಯಕ್ಕೆ ಅವರನ್ನು ಹೇಗೆ ಕರೆಯುವುದು" ಎಂಬ ಸಂಕೋಚ. ಎರಡು ಗಂಟೆ, ಒಬ್ಬನೇ ಛಾಯಾಗ್ರಾಹಕ, ನಲವತ್ತು ಪ್ರಿಂಟ್, ಆಲ್ಬಂ ಇಲ್ಲ ಎಂಬ ಒಂದು ಸಣ್ಣ ದರ ಇಟ್ಟು ಹಳೆಯ ಮನೆಗಳಿಗೆ ಮಾತ್ರ ತಿಳಿಸಿ. ಮದುವೆಯ ಮೊದಲ ವಾರ್ಷಿಕೋತ್ಸವಕ್ಕೆ ಒಂದು ಫೋನ್ ಮಾಡಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲರ ತಾರೀಖು ಬರೆದಿಟ್ಟಿದ್ದೇನೆ, ಅದೇ ನನ್ನ ಅಂಗಡಿಯ ಅತಿ ಬೆಲೆಯುಳ್ಳ ವಸ್ತು.

ಆಷಾಢ ಬಂತೆಂದರೆ ನಮ್ಮವರು ಅಂಗಡಿಯ ಬಾಗಿಲು ಅರ್ಧ ಎಳೆದು ಕೂರುತ್ತಾರೆ. ಪಿತೃಪಕ್ಷ, ಧನುರ್ಮಾಸಗಳಲ್ಲೂ ಅಷ್ಟೇ. ನಾನು ಆ ತಿಂಗಳುಗಳನ್ನು ಹಳೆಯ ಚಿತ್ರಗಳಿಗೆ ಮೀಸಲಿಟ್ಟಿದ್ದೇನೆ. ತೊಂಬತ್ತರ ದಶಕದ ಮದುವೆಗಳೆಲ್ಲ ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿವೆ. ಟೇಪಿಗೆ ಬೂಷ್ಟು ಹಿಡಿಯುತ್ತಿದೆ, ನೋಡಲು ವಿಸಿಆರ್ ಯಾರ ಮನೆಯಲ್ಲೂ ಇಲ್ಲ. ನೆಗೆಟಿವ್‌ಗಳು ಡಬ್ಬಿಯಲ್ಲಿ ಅಂಟಿಕೊಳ್ಳುತ್ತಿವೆ. ಚೆನ್ನಾಗಿ ಓಡುವ ಒಂದು ಹಳೆಯ ವಿಸಿಆರ್, ಕಂಪ್ಯೂಟರಿಗೆ ಸೇರಿಸುವ ಕ್ಯಾಪ್ಚರ್ ಸಾಧನ, ನೆಗೆಟಿವ್‌ಗೆ ತೀರ ಹತ್ತಿರದಿಂದ ತೆಗೆಯುವ ಒಂದು ಮ್ಯಾಕ್ರೋ ಲೆನ್ಸ್ ಮತ್ತು ಸಮನಾದ ಬಿಳಿ ಬೆಳಕಿನ ಹಲಗೆ, ಇಷ್ಟಿದ್ದರೆ ಕೆಲಸ ಶುರು ಮಾಡಬಹುದು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ವಿಸಿಆರಿಗೆ ಹಾಕಬೇಡಿ, ಟೇಪ್ ಓದುವ ಹೆಡ್ ಕೆಡುತ್ತದೆ. ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮೊದಲು ಬಿಚ್ಚಿ ಶುಚಿ ಮಾಡುವುದನ್ನು ಕಲಿಯಿರಿ.

ಒಬ್ಬ ಹೆಣ್ಣುಮಗಳು ತನ್ನ ಅಪ್ಪ ಅಮ್ಮನ ಮದುವೆಯ ಕ್ಯಾಸೆಟ್ ತಂದುಕೊಟ್ಟಿದ್ದಳು. ಮಿಕ್ಸಿಂಗಿನವರು ಹೂವಿನೊಳಗೆ ಮುಖ ತಿರುಗಿಸುವ ಆ ಕಾಲದ ಕಸರತ್ತುಗಳೆಲ್ಲ ಅದರಲ್ಲಿದ್ದವು. ಊಟದ ಪಂಕ್ತಿಯ ದೃಶ್ಯ ಬಂದಾಗ ಅವಳು ನಿಲ್ಲಿಸಲು ಹೇಳಿದಳು. ಅಪ್ಪ ಪಾಯಸ ಬಡಿಸಲು ಬಗ್ಗಿ, ಕ್ಯಾಮೆರಾ ಕಂಡು ನಾಚಿ, ಏನೋ ಹೇಳುತ್ತಾನೆ. ಆತ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ನೆನಪಿನಲ್ಲಿ ಉಳಿಯುವಂತೆ ಅಪ್ಪನ ದನಿಯನ್ನು ಅವಳು ಮೊದಲ ಸಲ ಕೇಳಿದ್ದು ನನ್ನ ಅಂಗಡಿಯಲ್ಲಿ. ಆ ಎಂಟು ಸೆಕೆಂಡನ್ನು ಹನ್ನೆರಡು ಸಲ ಹಾಕಿಸಿಕೊಂಡಳು. ಈ ಕೆಲಸಕ್ಕೆ ಒಂದು ಕ್ಯಾಸೆಟ್ಟಿಗೆ ಎಷ್ಟು ಎಂದು ದರ ಕಟ್ಟುವುದು ನನಗೆ ಇವತ್ತಿಗೂ ಕಷ್ಟ, ಆದರೂ ದರ ಇರಬೇಕು, ಇಟ್ಟಿದ್ದೇನೆ.

ಸಣ್ಣ ಮದುವೆಗಳನ್ನು ಕೀಳಾಗಿ ನೋಡಬೇಡಿ. ಕುವೆಂಪು ಅವರ ಮಂತ್ರ ಮಾಂಗಲ್ಯದ ರೀತಿಯಲ್ಲಿ, ಇಲ್ಲವೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಹಿ ಮಾಡಿ ಮದುವೆಯಾಗುವವರು ಬಹಳಷ್ಟು ಮಂದಿ ಇದ್ದಾರೆ. ಐವತ್ತು ಜನ, ಎರಡು ಗಂಟೆ, ಅಬ್ಬರದ ದೀಪಗಳಿಲ್ಲ. ಅಲ್ಲಿ ಪ್ರತಿಯೊಬ್ಬರ ಮುಖವನ್ನೂ ನೋಡುವಷ್ಟು ಸಮಯ ನಿಮಗಿರುತ್ತದೆ. ನನ್ನ ಮನಸ್ಸಿಗೆ ಒಪ್ಪಿದ ಚಿತ್ರಗಳಲ್ಲಿ ಬಹುಪಾಲು ಇಂಥ ಮದುವೆಗಳವು.

ನಿಮ್ಮ ಊರಿನ ಪಕ್ಕದಲ್ಲೇ ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಇದೆ. ತೆಂಗಿನೆಣ್ಣೆ, ಕೊಬ್ಬರಿ ಚಿಪ್ಸ್, ನಾರಿನ ಸಾಮಾನು ಮಾಡಿ ಮಾರುವ ಸಣ್ಣ ಉದ್ಯಮಿಗಳಿಗೆ, ಮಹಿಳಾ ಸಂಘಗಳಿಗೆ ಒಳ್ಳೆಯ ಉತ್ಪನ್ನ ಚಿತ್ರ ಬೇಕು. ಮೊಬೈಲಿನಲ್ಲಿ ತೆಗೆದು ಕಷ್ಟಪಡುತ್ತಿದ್ದಾರೆ. ಕಿಟಕಿ, ಒಂದು ಬಿಳಿ ಹಾಳೆ, ಒಂದು ಥರ್ಮಕೋಲ್ ತುಂಡು ಇದ್ದರೆ ಅಂಗಡಿಯಲ್ಲೇ ತೆಗೆದುಕೊಡಬಹುದು. ಶಾಲಾ ವಾರ್ಷಿಕೋತ್ಸವ, ಭರತನಾಟ್ಯದ ರಂಗಪ್ರವೇಶ, ಸಹಕಾರ ಸಂಘದ ಸಮಾರಂಭ ಇವೆಲ್ಲ ನಿಮಗೆ ಗೊತ್ತಿರುವುದೇ.

ನೇರಪ್ರಸಾರವನ್ನು ಮಾತ್ರ ಗಂಭೀರವಾಗಿ ಕಲಿಯಿರಿ. ಹೊರದೇಶದಲ್ಲಿರುವ ಮಗಳೋ ಮೊಮ್ಮಗನೋ ಬರಲಾಗದ ಮದುವೆಗಳು ಹಳ್ಳಿಗಳಲ್ಲೂ ಸಾಮಾನ್ಯ. ಬೇಸಿಗೆಯಲ್ಲಿ ನಮ್ಮ ಬೆಳಿಗ್ಗೆ 9.30ರ ಮುಹೂರ್ತ ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿ 9 ಗಂಟೆ, ನ್ಯೂಯಾರ್ಕಿನಲ್ಲಿ ನಡುರಾತ್ರಿ 12. ಅಷ್ಟು ಹೊತ್ತಿನಲ್ಲಿ ಎದ್ದು ಕೂತವರಿಗೆ ಚಿತ್ರ ನಿಂತು ನಿಂತು ಬಂದರೆ ಎಷ್ಟು ಬೇಸರವಾಗುತ್ತದೆ ಯೋಚಿಸಿ. ಮಂಟಪದ ವೈಫೈ ನಂಬಬೇಡಿ. ಎರಡು ಕಂಪನಿಗಳ ಸಿಮ್ ಇಟ್ಟುಕೊಂಡು ಹಿಂದಿನ ದಿನವೇ ಅದೇ ಜಾಗದಲ್ಲಿ ಪರೀಕ್ಷಿಸಿ. ಪುರೋಹಿತರ ಹತ್ತಿರ ಒಂದು ಸಣ್ಣ ಮೈಕ್ ಇಡಿ.

ತಂಡದಲ್ಲಿ ಒಬ್ಬ ಹೆಣ್ಣುಮಗಳಾದರೂ ಇರಲಿ. ವಧುವಿನ ಕೋಣೆ, ಅರಿಶಿನ, ಬಳೆ ತೊಡಿಸುವುದು, ತಲೆಗೆ ಎಣ್ಣೆ ಒತ್ತುವುದು, ಅಲ್ಲಿ ಗಂಡಸು ಕ್ಯಾಮೆರಾ ಹಿಡಿದು ನಿಂತರೆ ಎಲ್ಲರ ಮೈ ಬಿಗಿಯಾಗುತ್ತದೆ. ನನ್ನ ಬಳಿ ಕೆಲಸ ಕಲಿತ ಇಬ್ಬರು ಹುಡುಗಿಯರು ಆ ಕೋಣೆಗಳಿಂದ ತಂದ ಚಿತ್ರಗಳನ್ನು ನಾನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತೆಗೆದಿರಲಿಲ್ಲ.

ಕಾನೂನಿನ ಮೂರು ವಿಷಯ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಯಾರಾದರೂ ಫೋಟೋ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಅದರ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ. ತೆಗೆದವರು ನಾವು, ಆದ್ದರಿಂದ ಹಕ್ಕೂ ನಮ್ಮದೇ ಎಂದು ನಮ್ಮಲ್ಲಿ ಬಹಳ ಜನ ಭಾವಿಸಿದ್ದಾರೆ. ಹಾಗಾಗಿ ಮುಂಗಡ ಪಡೆಯುವಾಗಲೇ ಒಂದು ಪುಟದ ಕರಾರು ಬರೆಯಿರಿ: ಎಷ್ಟು ದಿನ, ಎಷ್ಟು ಚಿತ್ರ, ಎಷ್ಟು ಸಲ ತಿದ್ದುಪಡಿ, ಯಾವಾಗ ಕೊಡುವುದು, ನಿಮ್ಮ ಪ್ರಚಾರಕ್ಕೆ ಬಳಸಬಹುದೇ ಇಲ್ಲವೇ. ಒಪ್ಪಿಗೆ ಕೊಡದವರ ಒಂದು ಚಿತ್ರವನ್ನೂ ಇನ್‌ಸ್ಟಾಗ್ರಾಮಿಗೆ ಹಾಕಬೇಡಿ. ಎರಡನೆಯದು ಡ್ರೋನ್. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು. ಅದನ್ನು ವ್ಯಾಪಾರಕ್ಕೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರವೂ ಬೇಕು. ಹಾರಿಸಲು ಅನುಮತಿ ಬೇಡದ ಹಸಿರು ವಲಯದಲ್ಲೂ ಅನುಮತಿಯಿಲ್ಲದೆ 120 ಮೀಟರ್ ಎತ್ತರ ಮೀರುವಂತಿಲ್ಲ. ಮೂರನೆಯದು ಜಿಎಸ್‌ಟಿ. ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ನಮ್ಮಂಥ ಸೇವೆಗಳಿಗೆ ನೋಂದಣಿ ಕಡ್ಡಾಯವಲ್ಲ. ಸಣ್ಣ ಉದ್ದಿಮೆಗಳಿಗೆಂದಿರುವ ಉದ್ಯಮ್ ನೋಂದಣಿ ಮಾತ್ರ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ, ಬ್ಯಾಂಕಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಈಗ ನಿಮ್ಮ ಸಾಲದ ಪ್ರಶ್ನೆ. ನೀವು ಬರೆದಿರುವುದನ್ನು ನೋಡಿದರೆ ಡ್ರೋನ್ ಕೊಳ್ಳುವುದು ಬೇಡ. ಬೇಕೆಂದ ದಿನ ಪ್ರಮಾಣಪತ್ರ ಇರುವವರನ್ನು ಬಾಡಿಗೆಗೆ ಕರೆಸಿ. ಮೂರೂವರೆ ಲಕ್ಷವೂ ಬೇಡ. ನಿಮ್ಮ ಕ್ಯಾಮೆರಾದಲ್ಲಿ ಎರಡು ಕಾರ್ಡ್ ಹಾಕುವ ಸೌಲಭ್ಯ ಇಲ್ಲದಿದ್ದರೆ ಮಾತ್ರ ಅದನ್ನು ಬದಲಿಸಿ. 2011ರಲ್ಲಿ ಒಂದು ಮದುವೆಯ ಧಾರೆಯ ಅಷ್ಟೂ ಚಿತ್ರಗಳಿದ್ದ ಕಾರ್ಡ್ ನನ್ನ ಕೈಯಲ್ಲಿ ಕೆಟ್ಟುಹೋಯಿತು. ಆ ಹುಡುಗಿಯ ಅಪ್ಪ ನನಗೆ ಒಂದು ಮಾತೂ ಬಯ್ಯಲಿಲ್ಲ, ಸುಮ್ಮನೆ ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ ಒಂದು ಮದುವೆಯನ್ನೂ ನಾನು ಒಂದೇ ಕಾರ್ಡಿನಲ್ಲಿ ತೆಗೆದಿಲ್ಲ. ಪ್ರತಿ ಮದುವೆಯ ದಿನವೇ ರಾತ್ರಿ ಎರಡು ಹಾರ್ಡ್ ಡಿಸ್ಕಿಗೆ ಇಳಿಸಿ, ಒಂದನ್ನು ಅಂಗಡಿಯಲ್ಲಿ, ಒಂದನ್ನು ಮನೆಯಲ್ಲಿ ಇಡುತ್ತೇನೆ. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಆದರೂ ಪರವಾಗಿಲ್ಲ. ಅದಕ್ಕೊಂದು 85 ಮಿ.ಮೀ. ಲೆನ್ಸ್, ರೆಕಾರ್ಡರ್, ಎರಡು ಡಿಸ್ಕ್ ಸೇರಿಸಿ. ಕೈಯ ಹಣ ಸಾಲದಿದ್ದರೆ ಮುದ್ರಾ ಯೋಜನೆಯ ಕಿಶೋರ್ ವರ್ಗದಲ್ಲಿ 50,000ದಿಂದ 5 ಲಕ್ಷದವರೆಗೆ ಸಾಲ ಸಿಗುತ್ತದೆ. ನಿಮಗೆ ಅದರ ಕೆಳಗಿನ ತುದಿಯೇ ಸಾಕು. ಕಂತು ಆಷಾಢದಲ್ಲೂ ಕಟ್ಟಬೇಕು ಎಂಬುದು ನೆನಪಿರಲಿ.

ದರವನ್ನು ಈ ವರ್ಷವೇ 52,000ಕ್ಕೆ ಏರಿಸಿ, ಆದರೆ ಮದುವೆಗಳನ್ನು ಇಪ್ಪತ್ತೈದಕ್ಕೆ ಇಳಿಸಿ. ಐದು ಮದುವೆ ಬಿಟ್ಟರೆ ನಲವತ್ತು ದಿನ ಕೈಗೆ ಸಿಗುತ್ತವೆ. ಅವನ್ನು ಆ ಇನ್ನೂರು ಮನೆಗಳಿಗೆ ಕೊಡಿ. ಮೊದಲು ಹೋಗುವ ಮನೆಗೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಹಳೆಯ ಡಿಸ್ಕಿನಲ್ಲಿ ಹುಡುಕಿದರೆ ಆ ಮನೆಯ ಅಜ್ಜನದೋ ಅಜ್ಜಿಯದೋ ಒಂದು ಚಿತ್ರ ಸಿಗುತ್ತದೆ, ಆಲ್ಬಮಿಗೆ ಆಯ್ಕೆಯಾಗದೆ ಉಳಿದದ್ದು. ಪ್ರಿಂಟ್ ಹಾಕಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ.